ಗ್ಲೋಬಲ್ ವೇರಿಯಬಲ್ ಒಂದೇ ಇರುತ್ತದೆ ಅಂದವರು ಯಾರು?

ತುಮಕೂರಿನ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ಗೆ ಹೋಗಿ, ಗ್ಲೋಬಲ್ ವೇರಿಯಬಲ್ ಅಂದ್ರೆ ಏನು ಅಂತ ಕೇಳಿ. "ಇಡೀ ಪ್ರೋಗ್ರಾಮಿಗೆ ಒಂದೇ ಇರುತ್ತೆ ಸರ್, ಎಲ್ಲಿಂದ ಬೇಕಾದ್ರೂ ಬದಲಾಯಿಸಬಹುದು" ಅನ್ನುವ ಉತ್ತರ ತಯಾರಾಗಿರುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಪ್ರೋಗ್ರಾಮು ನಾಲ್ಕು ಶೇರ್ಡ್ ಲೈಬ್ರರಿಗಳ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ, ಓಡುವಾಗ ಬಂದು ಸೇರುವ ಕೋಡ್ ಫೈಲುಗಳ) ಜೊತೆ ಸೇರಿ ಓಡಲು ಶುರುವಾದ ದಿನ ಮಾತ್ರ ಈ ಉತ್ತರ ಕೈಕೊಡುತ್ತದೆ. ಲೈಬ್ರರಿ ಒಳಗೆ ಕೌಂಟ್ ಅನ್ನೋ ವೇರಿಯಬಲ್ಲನ್ನು 10ರಿಂದ 11 ಮಾಡಿರುತ್ತೀರಿ, ಅಲ್ಲೇ ಪ್ರಿಂಟ್ ಮಾಡಿದರೆ 11 ಅಂತಲೇ ಬರುತ್ತದೆ, ಮೇನ್ ಪ್ರೋಗ್ರಾಮಿಗೆ ವಾಪಸ್ ಬಂದು ನೋಡಿದರೆ 10! ಆಗ ಶುರುವಾಗುತ್ತವೆ ನೋಡಿ ಹರಕೆಗಳು. ಸುಮ್ನೆ ಒಂದು ವೊಲಟೈಲ್ ಹಾಕಿ ನೋಡು. ಎಕ್ಸ್‌ಟರ್ನ್ ಇನ್ನೊಂದು ಸಲ ಬರಿ. ಎಲ್ಲಾ ಅಳಿಸಿ ಮೊದಲಿಂದ ಕಂಪೈಲ್ ಮಾಡು. ಆಯುಧ ಪೂಜೆಗೆ ಸಿಪಿಯುಗೆ ಕುಂಕುಮ ಇಟ್ಟರೆ ನನ್ನ ತಕರಾರಿಲ್ಲ, ಕೋಡಿಗೆ ಇಡಬೇಡಿ ಅಷ್ಟೆ.

ಒಂದು ಹೆಸರಿಗೆ ಒಂದೇ ಜಾಗ ಅಂತ ಸಿ ಭಾಷೆ ಮಾತು ಕೊಡುತ್ತದೆ, ನಿಜ. ಆ ಮಾತು ಉಳಿಸಬೇಕಾದವರು ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ಮತ್ತು ಓಡಿಸುವಾಗ ಎಲ್ಲವನ್ನೂ ಮೆಮೊರಿಗೆ ತಂದು ಕೂರಿಸುವ ಲೋಡರ್. ಅವರು ಅದನ್ನು ಉಳಿಸುವ ರೀತಿ ಗೊತ್ತಾದರೆ ನಗು ಬರುತ್ತದೆ.

ಶುರುವಿನ ಲಿನಕ್ಸ್‌ನಲ್ಲಿ ಪ್ರತಿ ಲೈಬ್ರರಿಗೂ ಮೆಮೊರಿಯಲ್ಲಿ ಇಂಥದ್ದೇ ವಿಳಾಸ ಅಂತ ಮೊದಲೇ ಗೊತ್ತುಮಾಡಬೇಕಿತ್ತು. ಎರಡು ಲೈಬ್ರರಿ ಒಂದೇ ಜಾಗ ಕೇಳಿದರೆ ಜಗಳ. ಸನ್ ಕಂಪನಿಯ ಸನ್‌ಓಎಸ್ 4.0 ಅಷ್ಟೊತ್ತಿಗಾಗಲೇ, 1988ರಲ್ಲೇ, ಎಲ್ಲಿ ಕೂರಿಸಿದರೂ ಓಡುವ ಲೈಬ್ರರಿಗಳನ್ನು ತಂದಾಗಿತ್ತು. ಮುಂದೆ ಎಲ್ಫ್ ಎಂಬ ಫೈಲ್ ವಿನ್ಯಾಸ ಬಂದು ಲಿನಕ್ಸ್‌ನಲ್ಲೂ ಈ ತಲೆನೋವು ಹೋಯಿತು. ಈಗ ಪ್ರತಿ ಲೈಬ್ರರಿಯೂ ಒಂದು ಪುಟ್ಟ ಪಟ್ಟಿ ಹೊತ್ತುಕೊಂಡು ಬರುತ್ತದೆ, ಹೆಸರು ಗ್ಲೋಬಲ್ ಆಫ್‌ಸೆಟ್ ಟೇಬಲ್. 64 ಬಿಟ್ ಯಂತ್ರದಲ್ಲಿ ಅದರ ಒಂದೊಂದು ಮನೆ 8 ಬೈಟು. ಕೌಂಟ್ ಎಲ್ಲಿದೆ ಅಂತ ಲೈಬ್ರರಿಯ ಕೋಡಿಗೆ ಗೊತ್ತಿರುವುದಿಲ್ಲ. ಪಟ್ಟಿ ನೋಡಿ ವಿಳಾಸ ತಗೊಂಡು ಅಲ್ಲಿಗೆ ಹೋಗುತ್ತದೆ. ಪಟ್ಟಿ ತುಂಬಿಸುವವನು ಲೋಡರ್.

ಮೇನ್ ಪ್ರೋಗ್ರಾಮಿಗೆ ಈ ಸುತ್ತು ಬೇಕಿಲ್ಲ. ವೇರಿಯಬಲ್ ನನ್ನ ಹತ್ತಿರವೇ ಇದೆ ಅಂದುಕೊಂಡು ಕಂಪೈಲ್ ಆಗಿಬಿಟ್ಟಿರುತ್ತದೆ. ಲಿಂಕರ್ ನೋಡುತ್ತಾನೆ, ಕೌಂಟ್ ಇರುವುದು ಲೈಬ್ರರಿಯಲ್ಲಿ. ಕೋಡು ತಿದ್ದುವ ಹಾಗಿಲ್ಲ. ಅದಕ್ಕೆ ಮೇನ್ ಒಳಗೇ 4 ಬೈಟು ಜಾಗ ಕಾದಿರಿಸಿ, "ಇಲ್ಲಿಗೆ ನಕಲು ಮಾಡು" ಅಂತ ಲೋಡರ್‌ಗೆ ಚೀಟಿ ಬರೆದಿಡುತ್ತಾನೆ. ಇದೇ ಕಾಪಿ ರೀಲೊಕೇಶನ್. ಲೋಡರ್ ಲೈಬ್ರರಿಯ 10 ಅನ್ನು ಅಲ್ಲಿಗೆ ನಕಲು ಮಾಡಿ, ಲೈಬ್ರರಿಯ ಪಟ್ಟಿಯಲ್ಲೂ ಈ ಹೊಸ ವಿಳಾಸವನ್ನೇ ಬರೆಯುತ್ತಾನೆ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ದರದ ಬೋರ್ಡು ಕಚೇರಿ ಮುಂದೆ ಇದೆ ಅಂತಿಟ್ಟುಕೊಳ್ಳಿ. ಒಬ್ಬ ಮಂಡಿ ಸಾಹುಕಾರರಿಗೆ ಅಲ್ಲಿವರೆಗೆ ನಡೆಯಲು ಬೇಜಾರು. ಅದೇ ದರ ಬರೆದ ಹೊಸ ಬೋರ್ಡು ಅವರ ಅಂಗಡಿಯಲ್ಲೇ ನೇತು ಹಾಕುತ್ತಾರೆ, ಇನ್ನು ಮೇಲೆ ಕಚೇರಿ ಗುಮಾಸ್ತರೂ ಅಂಗಡಿಗೇ ಬಂದು ದರ ತಿದ್ದಬೇಕು. ಹಳೇ ಬೋರ್ಡು ಯಾರೂ ಓದದೆ ಬಿದ್ದಿರುತ್ತದೆ. ಗುಮಾಸ್ತರು ತಪ್ಪದೆ ಅಂಗಡಿಗೆ ಬರುವ ತನಕ ಎಲ್ಲ ಸರಿ. ಆದರೆ ವೇಗ ಜಾಸ್ತಿ ಆಗಲಿ ಅಂತ ಲೈಬ್ರರಿ ಕಟ್ಟುವಾಗ ಯಾರೋ ಬಿ-ಸಿಂಬಾಲಿಕ್ ಅನ್ನೋ ಆಯ್ಕೆ ಹಾಕಿಬಿಡುತ್ತಾರೆ. ಅದರ ಅರ್ಥ, ನಿನ್ನ ಬೋರ್ಡೇ ನೋಡು, ಹೊರಗೆ ಹೋಗಬೇಡ. ಗುಮಾಸ್ತರು ಹಳೇ ಬೋರ್ಡಿನಲ್ಲಿ 11 ಬರೆಯುತ್ತಾರೆ, ಸಾಹುಕಾರರು ಅಂಗಡಿಯಲ್ಲಿ 10 ಓದುತ್ತಾರೆ. ಸಿಕ್ಕಿತಲ್ವಾ ನಿಮ್ಮ ಭೂತ? ಈ ಕಾಟಕ್ಕೇ, ಫಂಕ್ಷನ್‌ಗಳಿಗೆ ಮಾತ್ರ ಅನ್ವಯಿಸುವ ಬೇರೆ ಆಯ್ಕೆ ಇದೆ.

ಇದರಲ್ಲೇ ಇನ್ನೊಂದು ಗುಂಡಿ. ಕಾದಿರಿಸುವ ಜಾಗದ ಅಳತೆ ಲಿಂಕ್ ಮಾಡಿದ ದಿನವೇ ಗಟ್ಟಿಯಾಗುತ್ತದೆ. ಲೈಬ್ರರಿಯಲ್ಲಿ 10 ಪೂರ್ಣಾಂಕಗಳ ಅರೇ ಇತ್ತು, ಮೇನ್‌ನಲ್ಲಿ 40 ಬೈಟು ಕಾದಿರಿಸಿ ಆಯಿತು. ಆಮೇಲೆ ಲೈಬ್ರರಿಯವರು ಅದನ್ನು 20 ಮಾಡಿ ಹೊಸ ಫೈಲು ಕೊಟ್ಟರು. ಲೋಡರ್ 40 ಬೈಟು ಮಾತ್ರ ನಕಲು ಮಾಡಿ, ಅಳತೆ ಬೇರೆಯಾಗಿದೆ, ಮತ್ತೆ ಲಿಂಕ್ ಮಾಡಿದರೆ ಒಳ್ಳೇದು ಅಂತ ಒಂದು ಸಾಲು ಗೊಣಗಿ ಪ್ರೋಗ್ರಾಮನ್ನು ಓಡಿಸಿಬಿಡುತ್ತದೆ. ಲೈಬ್ರರಿ 11ನೇ ಮನೆಗೆ ಬರೆದಾಗ ಪಕ್ಕದಲ್ಲಿದ್ದ ಇನ್ಯಾವುದೋ ವೇರಿಯಬಲ್ ಹಾಳು. ಎಲ್ಲಾ ಅಳಿಸಿ ಮತ್ತೆ ಕಂಪೈಲ್ ಮಾಡುವ ಹರಕೆ ಫಲಿಸುವುದು ಇಂಥ ಕಡೆಯೇ, ಮೇನ್ ಹೊಸದಾಗಿ 80 ಬೈಟು ಕಾದಿರಿಸುತ್ತದೆ. ಮೊದಲಿನ 10-11 ಕಾಯಿಲೆಗೆ ಮಾತ್ರ ಎಷ್ಟು ಸಲ ಕಂಪೈಲ್ ಮಾಡಿದರೂ ಗುಣವಿಲ್ಲ.

ವಿಂಡೋಸ್‌ನ ಶೇರ್ಡ್ ಲೈಬ್ರರಿಗಳಾದ ಡಿಎಲ್‌ಎಲ್‌ಗಳ ಲೋಕದಲ್ಲಿ ಈ ನಕಲಿನ ಉಪಕಾರವೇ ಇಲ್ಲ. ಫಂಕ್ಷನ್ ಆದರೆ ಹೇಗೋ ನಡೆಯುತ್ತದೆ, ವೇರಿಯಬಲ್ ಬೇಕಾದರೆ ಡಿಎಲ್‌ಎಲ್-ಇಂಪೋರ್ಟ್ ಅಂತ ಬಾಯಿಬಿಟ್ಟು ಹೇಳಬೇಕು. ಲಿಂಕ್ ಮಾಡುವಾಗಲೇ ಫೈಲಿನೊಳಗೆ ಸೇರಿಹೋಗುವ ಸ್ಟ್ಯಾಟಿಕ್ ಲೈಬ್ರರಿ ಒಂದನ್ನೇ ಮೇನ್‌ಗೂ ಡಿಎಲ್‌ಎಲ್‌ಗೂ ಸೇರಿಸಿದರೆ ಇಬ್ಬರಿಗೂ ಬೇರೆ ಬೇರೆ ಕೌಂಟ್.

ನನ್ನನ್ನು ಕೇಳಿದರೆ ಲೈಬ್ರರಿಯಿಂದ ವೇರಿಯಬಲ್ಲನ್ನು ಹೊರಗೆ ಬಿಡಲೇಬಾರದು, ಓದಲು ಒಂದು, ಬರೆಯಲು ಒಂದು ಫಂಕ್ಷನ್ ಕೊಟ್ಟು ಸುಮ್ಮನಿರಬೇಕು. ಹಳೇ ಯುನಿಕ್ಸ್‌ನಲ್ಲಿ ಕೊನೆಯ ತಪ್ಪಿನ ಸಂಖ್ಯೆ ಇಡುವ ಎರ್‌ನೋ ಕೂಡ ಒಂದು ಕಾಲಕ್ಕೆ ಬರೀ ಗ್ಲೋಬಲ್ ಪೂರ್ಣಾಂಕ. ಥ್ರೆಡ್‌ಗಳು, ಅಂದ್ರೆ ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸಗಳು, ಬಂದ ಮೇಲೆ ಎಲ್ಲರಿಗೂ ಒಂದೇ ಇದ್ದರೆ ಕೆಲಸ ಕೆಡುತ್ತದೆ ಅಂತ, ಈಗ ಲಿನಕ್ಸ್‌ನಲ್ಲಿ ನೀವು ಎರ್‌ನೋ ಅಂತ ಬರೆದರೆ ಹಿಂದೆ ಒಂದು ಫಂಕ್ಷನ್ ಓಡಿ ನಿಮ್ಮ ಥ್ರೆಡ್ಡಿನದೇ ಎರ್‌ನೋ ಇರುವ ವಿಳಾಸ ತಂದುಕೊಡುತ್ತದೆ.

ಅನುಮಾನ ಇದ್ದರೆ ಕೌಂಟ್‌ನ ಬೆಲೆ ಬೇಡ, ವಿಳಾಸ ಪ್ರಿಂಟ್ ಮಾಡಿ, ಲೈಬ್ರರಿಯಲ್ಲಿ ಒಂದು ಸಲ, ಮೇನ್‌ನಲ್ಲಿ ಒಂದು ಸಲ. ವಿಳಾಸ ಬೇರೆ ಬಂದರೆ ಬೋರ್ಡು ಎರಡಿವೆ. ಲಿನಕ್ಸ್ ಆದರೆ ಮೇನ್ ಫೈಲಿನ ಮೇಲೆ ಎಲ್ಫ್ ಫೈಲಿನ ಒಳಗನ್ನು ತೋರಿಸುವ ರೀಡ್‌ಎಲ್ಫ್ ಓಡಿಸಿ ರೀಲೊಕೇಶನ್ ಪಟ್ಟಿ ನೋಡಿ, ಕೌಂಟ್ ಹೆಸರಿನ ಸಾಲಲ್ಲಿ ಕಾಪಿ ಅಂತ ಇದ್ದರೆ ಲಿಂಕರ್ ಚೀಟಿ ಬರೆದಿದ್ದಾನೆ ಅಂತಲೇ ಲೆಕ್ಕ.