ಐಎನ್‌ಆರ್ ಹೆಚ್ಚಿದ್ದರೆ ಮುಂಚೆಯೇ ಪ್ಲಾಸ್ಮಾ ಕೊಡಿಸಬೇಕೇ?

ಪ್ರಶ್ನೆ: ತಂದೆಯವರಿಗೆ ಲಿವರ್ ಸಿರೋಸಿಸ್ ಇದೆ. ಹೊಟ್ಟೆಯಲ್ಲಿ ತುಂಬಿದ ನೀರನ್ನು ಸೂಜಿಯಿಂದ ತೆಗೆಯಬೇಕಂತೆ. ರಕ್ತ ಹೆಪ್ಪುಗಟ್ಟಲು ಎಷ್ಟು ಸಮಯ ಹಿಡಿಯುತ್ತದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆಯಲ್ಲಿ 1.7 ಬಂದಿದೆ. ರಕ್ತಸ್ರಾವ ಆಗದಂತೆ ಮೊದಲೇ ಪ್ಲಾಸ್ಮಾ (ದಾನಿಗಳ ರಕ್ತದ ದ್ರವಭಾಗ) ಕೊಡಿ ಎಂದರೆ ವೈದ್ಯರು ಬೇಡ ಎನ್ನುತ್ತಾರೆ. ಏಕೆ?

ಉತ್ತರ: ವೈದ್ಯರು ಅಲಕ್ಷ್ಯದಿಂದ ಹಾಗೆ ಹೇಳುತ್ತಿಲ್ಲ. ಹೊಟ್ಟೆಯ ನೀರು ತೆಗೆಯುವಾಗ ಗಂಭೀರ ರಕ್ತಸ್ರಾವ ತೀರಾ ಅಪರೂಪ; ಇದಕ್ಕೆಂದು ಪ್ಲಾಸ್ಮಾ ಕೊಡುವ ವಾಡಿಕೆ ಬೇಡ ಎಂದೇ ಇಂದಿನ ಮಾರ್ಗಸೂಚಿಗಳು ಹೇಳುತ್ತವೆ.

ಗೊಂದಲದ ಮೂಲ ಆ 1.7ರಲ್ಲಿದೆ. ಐಎನ್‌ಆರ್ ರೂಪುಗೊಂಡಿದ್ದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರಲ್ಲಿ ಔಷಧದ ಪ್ರಭಾವ ಅಳೆಯಲು. ಯಾರಿಗೆ ರಕ್ತ ಸೋರುತ್ತದೆ ಎಂದು ಮುಂಚಿತವಾಗಿ ಹೇಳಲು ಅಲ್ಲ. ಯಕೃತ್ತು ಕೆಟ್ಟಾಗ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ಕಡಿಮೆಯಾಗುತ್ತವೆ, ನಿಜ. ಆದರೆ ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಕೂಡ ಕುಸಿಯುತ್ತವೆ. ತಕ್ಕಡಿಯ ಎರಡೂ ತಟ್ಟೆಗಳು ಹಗುರಾಗಿರುತ್ತವೆ. ಐಎನ್‌ಆರ್‌ಗೆ ಕಾಣುವುದು ಒಂದೇ ತಟ್ಟೆ.

ಪ್ಲಾಸ್ಮಾ ಕೊಟ್ಟರೂ ಅಂಕಿ ಹೆಚ್ಚು ಇಳಿಯುವುದಿಲ್ಲ. ದಾನಿಗಳ ಪ್ಲಾಸ್ಮಾದ ಐಎನ್‌ಆರ್ ತಾನೇ ಸುಮಾರು 1.1ರ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೇಲೆ ಇರುತ್ತದೆ. 1.7ಕ್ಕೆ ಅದನ್ನು ಬೆರೆಸಿದರೆ ಸಿಗುವ ಫಲ ಅಲ್ಪ. ಅದೂ ಗಂಟೆಗಳ ಮಟ್ಟಿಗೆ, ಏಕೆಂದರೆ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಲ್ಲೊಂದಾದ ಫ್ಯಾಕ್ಟರ್ 7 ಬಹಳ ಬೇಗ ಕರಗಿಹೋಗುತ್ತದೆ. ಪ್ರಮಾಣವೋ, ಕಿಲೋ ತೂಕಕ್ಕೆ ಸುಮಾರು 15 ಮಿ.ಲೀ. 60 ಕಿಲೋ ವ್ಯಕ್ತಿಗೆ 900 ಮಿ.ಲೀ., ಅಂದರೆ ಸುಮಾರು ನಾಲ್ಕು ಚೀಲ. ನೀರು ತೆಗೆಸಿಕೊಳ್ಳಲು ಬಂದ ರೋಗಿಯ ರಕ್ತನಾಳಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ದ್ರವ! ಹೃದಯಕ್ಕೆ ಹೊರೆಯಾಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಅಲರ್ಜಿ ಆಗಬಹುದು, ಅಪರೂಪಕ್ಕೆ ಶ್ವಾಸಕೋಶಕ್ಕೇ ತೀವ್ರ ಹಾನಿಯಾಗಬಹುದು. ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದ ಒತ್ತಡವೂ ಏರುತ್ತದೆ, ಸಿರೋಸಿಸ್‌ನಲ್ಲಿ ಅದು ಚಿಕ್ಕ ವಿಷಯವಲ್ಲ.

ಪ್ಲಾಸ್ಮಾ ನಿರುಪಯುಕ್ತ ಎಂದಲ್ಲ. ಅಪಘಾತದಲ್ಲೋ ಹೆರಿಗೆಯಲ್ಲೋ ರಕ್ತ ಧಾರಾಕಾರ ಹರಿಯುತ್ತಿರುವಾಗ ಅದು ಜೀವ ಉಳಿಸುತ್ತದೆ. ವಾರ್ಫರಿನ್ ಸೇವಿಸುವವರ ಲೆಕ್ಕ ಬೇರೆ: ಸಮಯವಿದ್ದರೆ ಮಾತ್ರೆ ನಿಲ್ಲಿಸಿ ವಿಟಮಿನ್ ಕೆ, ತುರ್ತಿದ್ದರೆ ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ (ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳ ಸಾಂದ್ರ ಔಷಧ). ಮೆದುಳು, ಬೆನ್ನುಹುರಿಯಂಥ ಕಡೆ ತುಸು ರಕ್ತಸ್ರಾವವೂ ಅಪಾಯವಾದ್ದರಿಂದ ವೈದ್ಯರು ಹೆಚ್ಚು ಬಿಗಿಯಾಗಿರುತ್ತಾರೆ.

ಅಂಕಿಗಿಂತ ಹೆಚ್ಚು ಉಪಯುಕ್ತ ಮಾಹಿತಿ ನಿಮ್ಮ ಬಳಿಯೇ ಇದೆ. ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲು ತಡವಾಗಿತ್ತೇ? ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅಥವಾ ರಕ್ತ ತೆಳುಮಾಡುವ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ? ಮೂತ್ರಪಿಂಡದ ತೊಂದರೆ ಇದೆಯೇ? ಇವನ್ನು ಸೂಜಿ ಹಾಕುವ ಮೊದಲೇ ವೈದ್ಯರಿಗೆ ತಿಳಿಸಿ.