ಹೊಗೆ ಕಂಡರೆ ರೈಲು ನಿಲ್ಲಲೇಬೇಕು: ಬೋಗಿಯೊಳಗಿನ ಬೆಂಕಿ ಕಲಿಸಿದ ನಿಯಮಗಳು

ರಾತ್ರಿ 11ರ ನಂತರ ರೈಲಿನಲ್ಲಿ ಮೊಬೈಲ್ ಚಾರ್ಜ್ ಆಗುತ್ತಿಲ್ಲ ಎಂದು ಗೊಣಗುವವರು ಹಲವರು. ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟ್‌ಗಳಿಗೆ ಕರೆಂಟ್ ಕೊಡಬಾರದು ಎಂದು ರೈಲ್ವೆ ಮಂಡಳಿ ಸೂಚಿಸಿದ್ದು ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್ ದುರಂತದ ನಂತರ. 2013ರ ಡಿಸೆಂಬರ್ 28ರ ನಸುಕಿನಲ್ಲಿ, ಬೆಂಗಳೂರು ಬಿಟ್ಟ ಕೆಲವೇ ಗಂಟೆಗಳಲ್ಲಿ, ಆಂಧ್ರದ ಕೊತ್ತಚೆರುವು ಬಳಿ ಆ ರೈಲಿನ ಥರ್ಡ್ ಎಸಿ ಬೋಗಿಗೆ ಬೆಂಕಿ ಬಿತ್ತು. 26 ಜನ ಸತ್ತರು. ಕಿಟಕಿ ಗಾಜು ತೆರೆಯುವಂಥದ್ದಲ್ಲ, ಬಾಗಿಲು ಕಾಣದಷ್ಟು ಹೊಗೆ. ಹಲವರು ಉಸಿರುಗಟ್ಟಿಯೇ ಪ್ರಾಣಬಿಟ್ಟರು. ಎರಡು ವಾರ ಕಳೆಯುವ ಮೊದಲೇ, 2014ರ ಜನವರಿ 8ರಂದು, ಮಹಾರಾಷ್ಟ್ರದ ಡಹಾಣು ಬಳಿ ಬಾಂದ್ರಾ–ಡೆಹ್ರಾಡೂನ್ ಎಕ್ಸ್‌ಪ್ರೆಸ್‌ಗೆ ಬೆಂಕಿ ಬಿದ್ದು 9 ಜನ ಹೋದರು.

ಅದಕ್ಕೂ ಹಿಂದಿನ ದುರಂತಗಳನ್ನು ನೋಡಿದರೆ ಹೊಟ್ಟೆ ಕಿವುಚಿದಂತಾಗುತ್ತದೆ. 2003ರಲ್ಲಿ ಲೂಧಿಯಾನ ಬಳಿ ಗೋಲ್ಡನ್ ಟೆಂಪಲ್ ಮೇಲ್, 2008ರಲ್ಲಿ ವಾರಂಗಲ್ ಸೀಮೆಯಲ್ಲಿ ಗೌತಮಿ ಎಕ್ಸ್‌ಪ್ರೆಸ್, 2012ರ ಜುಲೈ 30ರಂದು ನೆಲ್ಲೂರಿನಲ್ಲಿ ತಮಿಳುನಾಡು ಎಕ್ಸ್‌ಪ್ರೆಸ್. ಮೂರರಲ್ಲೂ ಸತ್ತವರ ಸಂಖ್ಯೆ 30ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು, ಮೂರೂ ಜನ ಮಲಗಿದ್ದ ಹೊತ್ತಿನಲ್ಲೇ. ಗಾಢ ನಿದ್ದೆಯಲ್ಲಿರುವವರಿಗೆ ಹೊಗೆಯ ವಾಸನೆ ತಿಳಿಯುವ ಹೊತ್ತಿಗೆ ಎದ್ದು ಓಡುವ ಶಕ್ತಿ ಉಳಿದಿರುವುದಿಲ್ಲ.

ಹೊರಬರುವ ದಾರಿಯ ಪ್ರಶ್ನೆ ರೈಲಿನಷ್ಟೇ ಹಳೆಯದು. 1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲು ಹಳಿ ತಪ್ಪಿ ಹೊತ್ತಿಕೊಂಡಾಗ ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಗ ಪ್ರಯಾಣಿಕರನ್ನು ಒಳಗೆ ಕೂರಿಸಿ ಹೊರಗಿನಿಂದ ಬೀಗ ಹಾಕುವ ರೂಢಿಯಿತ್ತು. ಅಷ್ಟು ಹೆಣ ಬಿದ್ದ ಮೇಲೆ ಫ್ರಾನ್ಸ್ ಆ ರೂಢಿಯನ್ನು ಕೈಬಿಟ್ಟಿತು. ನಮ್ಮ ಬೋಗಿಗಳಲ್ಲಿ ಸರಳುಗಳಿಲ್ಲದ ತುರ್ತು ಕಿಟಕಿಗಳಿವೆ, ಎಸಿ ಬೋಗಿಯಲ್ಲಿ ಗಾಜು ಒಡೆಯಲು ಸುತ್ತಿಗೆ ಇದೆ. ಆದರೆ ಆ ಕಿಟಕಿ ಯಾವುದೆಂದು ಹತ್ತಿದ ಕೂಡಲೇ ನೋಡಿಟ್ಟುಕೊಳ್ಳುವವರು ಎಷ್ಟು ಜನ? ಬಾಗಿಲ ಪಕ್ಕದ ಓಣಿಯಲ್ಲಿ ಸೂಟ್‌ಕೇಸ್ ಅಡ್ಡ ಇಡುವುದನ್ನಂತೂ ಯಾರೂ ತಪ್ಪೆಂದೇ ಭಾವಿಸುವುದಿಲ್ಲ.

ಬೋಗಿಗಳು ಬದಲಾದ ಕಥೆ ಸ್ವಲ್ಪ ಸಮಾಧಾನ ಕೊಡುತ್ತದೆ. ಚೆನ್ನೈನ ಪೆರಂಬೂರಿನ ಐಸಿಎಫ್ ಕಾರ್ಖಾನೆ 1955ರಿಂದ ತಯಾರಿಸಿದ ಬೋಗಿಗಳೇ ದಶಕಗಳ ಕಾಲ ದೇಶವನ್ನು ಹೊತ್ತವು. ರೈಲು ಸುರಕ್ಷತೆಯನ್ನು ಪರಿಶೀಲಿಸಿದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಅವುಗಳ ಬದಲು ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗಳಿಗೆ ಪೂರ್ತಿ ಬದಲಾಗಲು ಹೇಳಿತು. ಹಳೆಯ ವಿನ್ಯಾಸದ ತಯಾರಿಕೆ ನಿಂತದ್ದು 2018ರಲ್ಲಿ. ಈಗಿನ ಬೋಗಿಗಳ ಸೀಟು, ಪರದೆ, ಒಳಹೊದಿಕೆಗಳಿಗೆ ಬೇಗ ಬೆಂಕಿ ಹಿಡಿಯದ ಸಾಮಗ್ರಿ ಬಳಸುತ್ತಾರೆ. ಎಂಜಿನ್ನಿನಿಂದಲೇ ವಿದ್ಯುತ್ ಪಡೆಯುವ ವ್ಯವಸ್ಥೆ ಬಂದ ಮೇಲೆ ಡೀಸೆಲ್ ಜನರೇಟರ್ ಇರುವ ಪವರ್ ಕಾರ್‌ಗಳ ಬಳಕೆ ತಗ್ಗಿತು.

ಇಷ್ಟಾದರೂ ಒಂದು ಸಿಲಿಂಡರ್ ಎಲ್ಲವನ್ನೂ ಮಣ್ಣುಪಾಲು ಮಾಡಬಲ್ಲದು. 2023ರ ಆಗಸ್ಟ್ 26ರಂದು ಮಧುರೈಯಲ್ಲಿ ನಿಲ್ಲಿಸಿದ್ದ ಖಾಸಗಿ ಪ್ರವಾಸಿ ಬೋಗಿಯಲ್ಲಿ, ಕದ್ದು ತಂದಿದ್ದ ಗ್ಯಾಸ್ ಸಿಲಿಂಡರ್‌ನಿಂದ ಬೆಂಕಿ ಎದ್ದು 9 ಜನ ಬಲಿಯಾದರು. 1989ರ ರೈಲ್ವೆ ಕಾಯ್ದೆಯ 164ನೇ ಕಲಂ ಅಪಾಯಕಾರಿ ವಸ್ತು ಸಾಗಿಸುವವರಿಗೆ 3 ವರ್ಷದವರೆಗೆ ಸೆರೆವಾಸ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಹೇಳುತ್ತದೆ. ಸಾವಿರ ರೂಪಾಯಿ ದಂಡಕ್ಕೆ ಇವತ್ತು ಯಾರು ಹೆದರುತ್ತಾರೆ? ಈ ಮೊತ್ತ ಏರಿಸಲು ಇನ್ನೊಂದು ದುರಂತಕ್ಕೆ ಕಾಯಬೇಕಿಲ್ಲ.

ಇನ್ನು ಹೊಗೆ ಕಂಡು ರೈಲು ನಿಂತಾಗ ಆಗುವ ವಿಳಂಬದ ಮಾತು. ಹೊಗೆ ಪತ್ತೆ ಮಾಡುವ ಸಾಧನ ಅಳವಡಿಸಿದ ಎಸಿ ಬೋಗಿಗಳು ಸುಳ್ಳು ಹೊಗೆಗೂ ಎಚ್ಚೆತ್ತುಕೊಳ್ಳುತ್ತವೆ. 2023ರ ಆಗಸ್ಟ್‌ನಲ್ಲಿ ತಿರುಪತಿ–ಸಿಕಂದರಾಬಾದ್ ವಂದೇ ಭಾರತ್‌ನ ಶೌಚಾಲಯದಲ್ಲಿ ಟಿಕೆಟ್ ಇಲ್ಲದೆ ಹತ್ತಿದ್ದವನೊಬ್ಬ ಬೀಡಿ-ಸಿಗರೇಟಿನ ಚಟಕ್ಕೆ ಕಡ್ಡಿ ಗೀರಿದ. ಎಚ್ಚರಿಕೆ ಗಂಟೆ ಹೊಡೆದು, ಬೆಂಕಿ ನಂದಿಸುವ ಪುಡಿ ತಾನಾಗಿಯೇ ಚಿಮ್ಮಿ, ಇಡೀ ರೈಲು ಮನುಬೋಲು ಬಳಿ ನಿಂತಿತು. ಬ್ರೇಕ್ ಬೈಂಡಿಂಗ್ ಇನ್ನೊಂದು ಬಗೆ. ಹಿಡಿದ ಬ್ರೇಕ್ ಬಿಡದೆ ಚಕ್ರಕ್ಕೆ ಉಜ್ಜುತ್ತಲೇ ಇದ್ದರೆ ಅಡಿಯಿಂದ ಹೊಗೆ, ಕಿಡಿ ಬರುತ್ತದೆ. ಯಾರೋ ಚೈನ್ ಎಳೆಯುತ್ತಾರೆ. 20-22 ಬೋಗಿಗಳ ರೈಲೆಂದರೆ ಅರ್ಧ ಕಿಲೋಮೀಟರ್ ಉದ್ದ. ಸಿಬ್ಬಂದಿ ಜಲ್ಲಿಕಲ್ಲಿನ ಮೇಲೆ ಟಾರ್ಚ್ ಹಿಡಿದು ನಡೆದು, ಯಾವ ಬೋಗಿ ಎಂದು ಹುಡುಕಿ, ಬ್ರೇಕ್ ಬಿಡಿಸಿ, ಚೈನನ್ನು ಸರಿಪಡಿಸಿ ವಾಪಸ್ ಬರಬೇಕು. ಅಷ್ಟರಲ್ಲಿ ಹಿಂದಿನ ರೈಲುಗಳೂ ಸಾಲುಗಟ್ಟಿರುತ್ತವೆ.

ಈ ಹೊತ್ತನ್ನು ವ್ಯರ್ಥವೆಂದು ಲೆಕ್ಕ ಹಾಕುವುದೇ ತಪ್ಪು ಎನ್ನುವುದು ನನ್ನ ಖಚಿತ ನಿಲುವು. ಸಿಗ್ನಲ್ ಕೆಟ್ಟು ತಡವಾದದ್ದಕ್ಕೂ ಹೊಗೆ ಪರಿಶೀಲಿಸಲು ತಡವಾದದ್ದಕ್ಕೂ ಒಂದೇ ಶೀರ್ಷಿಕೆ ಕೊಡಬಾರದು. ಅಪಾಯ ನಿಜವಾಗಿ ಇರುವುದು ಮುಂದಿನ ಹಂತದಲ್ಲಿ: ತಡವಾಗಿ ಬಂದ ಅದೇ ರೇಕ್, ಅಂದರೆ ಅದೇ ಬೋಗಿಗಳ ಸಾಲು, ಕೆಲವೇ ಗಂಟೆಗಳಲ್ಲಿ ಮತ್ತೆ ಹೊರಡಬೇಕು. ಬೋಗಿಗಳನ್ನು ತಪಾಸಣೆ ಮಾಡುವ ಪಿಟ್ ಲೈನ್‌ನಲ್ಲಿ ಬ್ರೇಕ್, ವೈರಿಂಗ್, ಬೆಂಕಿ ನಂದಿಸುವ ಸಿಲಿಂಡರ್ ನೋಡುವವರ ಬೆನ್ನಿಗೆ ಗಡಿಯಾರ ನಿಂತಿರುತ್ತದೆ. ಸಮಯ ಸರಿದೂಗಿಸುವ ಆತುರ ಅಲ್ಲಿಗೆ ತಲುಪಲು ಬಿಡಬಾರದು.

ರೈಲು ನಿಂತ ಮೇಲೆ ಒಳಗಿನವರಿಗೆ ಕಾರಣ ಹೇಳದಿದ್ದರೆ ಏನಾಗುತ್ತದೆ ಎನ್ನುವುದನ್ನು 2025ರ ಜನವರಿ 22 ತೋರಿಸಿತು. ಜಳಗಾಂವ್ ಜಿಲ್ಲೆಯಲ್ಲಿ ಪುಷ್ಪಕ್ ಎಕ್ಸ್‌ಪ್ರೆಸ್‌ಗೆ ಬೆಂಕಿ ಬಿದ್ದಿದೆ ಎಂಬ ಗುಲ್ಲೆದ್ದು, ಚೈನ್ ಎಳೆದು ಜನ ಪಕ್ಕದ ಹಳಿಗೆ ಧುಮುಕಿದರು. ಆ ಹಳಿಯಲ್ಲಿ ಬಂದದ್ದು ನಮ್ಮ ಕರ್ನಾಟಕ ಎಕ್ಸ್‌ಪ್ರೆಸ್. ಹತ್ತಕ್ಕೂ ಹೆಚ್ಚು ಜನ ಸತ್ತರು, ಬೆಂಕಿ ಇರಲೇ ಇಲ್ಲ. ವಂದೇ ಭಾರತ್‌ನಲ್ಲಿ ಧ್ವನಿವರ್ಧಕ ಇದೆ, ಸ್ಲೀಪರ್ ಮತ್ತು ಜನರಲ್ ಬೋಗಿಗಳಲ್ಲಿ ಬಹುತೇಕ ಇಲ್ಲ. ಹೊಸ ಬೋಗಿಗಳ ಖರ್ಚಿನ ಮುಂದೆ ಅದು ಚಿಕ್ಕ ಕೆಲಸ, ಮೊದಲು ಆಗಬೇಕಾದದ್ದೂ ಅದೇ. ಅಲ್ಲಿಯವರೆಗೆ, ಇಳಿಯಲೇಬೇಕಾದರೆ ಪಕ್ಕದಲ್ಲಿ ಇನ್ನೊಂದು ಹಳಿ ಇಲ್ಲದ ಬದಿಗೆ ಇಳಿಯಿರಿ.