ಮತ ವರ್ಗಾವಣೆ: ಉತ್ತರ ಐರ್ಲೆಂಡಿನಲ್ಲಿ ಐದನೆಯ ಸ್ಥಾನ ಯಾರ ಪಾಲು?

ನಮ್ಮ ಪತ್ರಿಕೆಗಳ ಚುನಾವಣಾ ವಿಶ್ಲೇಷಣೆಯಲ್ಲಿ ‘ಮತ ವರ್ಗಾವಣೆ’ ಎಂಬ ಮಾತು ಬಂದಾಗ, ಮೈತ್ರಿ ಮಾಡಿಕೊಂಡ ಎರಡು ಪಕ್ಷಗಳಲ್ಲಿ ಒಂದರ ಬೆಂಬಲಿಗರು ಇನ್ನೊಂದರ ಅಭ್ಯರ್ಥಿಗೆ ನಿಜಕ್ಕೂ ಮತ ಹಾಕಿದರೇ ಇಲ್ಲವೇ ಎಂಬ ಪ್ರಶ್ನೆಯೇ ಅದರ ಹಿಂದಿರುತ್ತದೆ. ಅದು ಅಂದಾಜಿನ ಸಂಗತಿ. ಎಣಿಸಿ ತೋರಿಸಲು ಬರುವುದಿಲ್ಲ. ಉತ್ತರ ಐರ್ಲೆಂಡಿನಲ್ಲಿ ಇದೇ ಮಾತಿಗೆ ಕಾನೂನುಬದ್ಧವಾದ, ಖಚಿತವಾದ ಅರ್ಥವಿದೆ. ಮತದಾರರು ಚೀಟಿಯಲ್ಲಿ 1, 2, 3 ಎಂದು ತಮ್ಮ ಪ್ರಾಶಸ್ತ್ಯವನ್ನು ಬರೆಯುತ್ತಾರೆ. ಅವರ ಮೊದಲ ಆಯ್ಕೆಯ ಅಭ್ಯರ್ಥಿ ಅಗತ್ಯಕ್ಕಿಂತ ಹೆಚ್ಚು ಮತ ಪಡೆದು ಗೆದ್ದರೆ, ಅಥವಾ ಕಡಿಮೆ ಮತ ಪಡೆದು ಕಣದಿಂದ ಹೊರಬಿದ್ದರೆ, ಆ ಮತ ಮುಂದಿನ ಆಯ್ಕೆಯ ಅಭ್ಯರ್ಥಿಗೆ ಸೇರುತ್ತದೆ. ಎಣಿಕೆಯ ಪ್ರತಿ ಸುತ್ತಿನಲ್ಲಿ ಎಷ್ಟು ಮತ ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಅಧಿಕಾರಿಗಳು ಪಟ್ಟಿ ಮಾಡಿ ಪ್ರಕಟಿಸುತ್ತಾರೆ.

ಅಲ್ಲಿನ ರಾಜಕೀಯದ ಮೂಲ ಗೆರೆ ಸಂವಿಧಾನಕ್ಕೆ ಸಂಬಂಧಿಸಿದ್ದು. ಬ್ರಿಟನ್ನಿನ ಜೊತೆಗೇ ಉಳಿಯಬೇಕೆನ್ನುವವರು ಒಕ್ಕೂಟವಾದಿಗಳು. ಐರ್ಲೆಂಡ್ ಗಣರಾಜ್ಯದೊಂದಿಗೆ ಒಂದಾಗಬೇಕೆನ್ನುವವರು ರಾಷ್ಟ್ರೀಯವಾದಿಗಳು. ಮೊದಲ ಬಣದಲ್ಲಿ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಾರ್ಟಿ (ಡಿಯುಪಿ), ಹಳೆಯದಾದ ಅಲ್‌ಸ್ಟರ್ ಯೂನಿಯನಿಸ್ಟ್ ಪಾರ್ಟಿ (ಯುಯುಪಿ) ಮತ್ತು ಇನ್ನಷ್ಟು ಬಿಗಿ ನಿಲುವಿನ ಟ್ರೆಡಿಷನಲ್ ಯೂನಿಯನಿಸ್ಟ್ ವಾಯ್ಸ್ (ಟಿಯುವಿ) ಇವೆ. ಎರಡನೆಯದರಲ್ಲಿ ಶಿನ್ ಫೇನ್ ಮತ್ತು ಸೋಷಿಯಲ್ ಡೆಮಾಕ್ರಟಿಕ್ ಅಂಡ್ ಲೇಬರ್ ಪಾರ್ಟಿ (ಎಸ್‌ಡಿಎಲ್‌ಪಿ) ಇವೆ. ಈ ಗೆರೆಯ ಎರಡೂ ಕಡೆ ಸೇರಲೊಪ್ಪದ ಅಲಯನ್ಸ್ ಪಕ್ಷ ಮೂರನೆಯದಾಗಿ ನಿಂತಿದೆ. ಹಾಗಾಗಿ ಇಲ್ಲಿ ಪ್ರತಿಸ್ಪರ್ಧೆ ಎರಡು ಬಗೆಯದು: ಬಣಕ್ಕೂ ಬಣಕ್ಕೂ ನಡುವಿನದು ಒಂದು, ಒಂದೇ ಬಣದೊಳಗಿನ ಪಕ್ಷಗಳದು ಇನ್ನೊಂದು. ಈ ಎರಡನ್ನೂ ಒಂದೇ ಮತಚೀಟಿಯಲ್ಲಿ ತೀರ್ಮಾನಿಸುವ ಸಾಧನವೇ ಮತ ವರ್ಗಾವಣೆ.

ವಿಧಾನದ ಹೆಸರು ಏಕ ವರ್ಗಾವಣೀಯ ಮತ ಪದ್ಧತಿ. ರಾಜ್ಯಸಭೆಗೆ ನಮ್ಮ ಶಾಸಕರು ಮತ ಹಾಕುವುದೂ ಇದೇ ಪದ್ಧತಿಯಲ್ಲಿ. 2022ರ ಜೂನ್‌ನಲ್ಲಿ ಕರ್ನಾಟಕದಿಂದ ನಾಲ್ಕು ಸ್ಥಾನಗಳಿಗೆ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಹೊಂದಾಣಿಕೆಗೆ ಬಾರದೆ ತಮ್ಮ ತಮ್ಮ ಅಭ್ಯರ್ಥಿಗಳನ್ನು ಕಣದಲ್ಲಿ ಉಳಿಸಿಕೊಂಡಾಗ, ಮೂರನೆಯ ಸ್ಥಾನಕ್ಕೆ ಸಾಕಾಗುವಷ್ಟು ಮತ ಸ್ವಂತಕ್ಕಿಲ್ಲದ ಬಿಜೆಪಿ ಮೂರು ಸ್ಥಾನ ಗೆದ್ದದ್ದು ಕನ್ನಡ ಓದುಗರಿಗೆ ನೆನಪಿರಬಹುದು. ಅಲ್ಲಿ 224 ಮಂದಿ ಮತದಾರರು, ಅವರೂ ಪಕ್ಷದ ವಿಪ್‌ನ ಕಣ್ಗಾವಲಿನಲ್ಲಿ ಇರುವವರು. ಉತ್ತರ ಐರ್ಲೆಂಡಿನಲ್ಲಿ ಇದೇ ಲೆಕ್ಕವನ್ನು ಲಕ್ಷಾಂತರ ಸಾಮಾನ್ಯ ಮತದಾರರು ರಹಸ್ಯ ಮತದಾನದಲ್ಲಿ ಮಾಡುತ್ತಾರೆ ಎಂಬುದೇ ದೊಡ್ಡ ವ್ಯತ್ಯಾಸ.

ಬೆಲ್‌ಫಾಸ್ಟ್‌ನ ಸ್ಟೋರ್ಮಾಂಟ್‌ನಲ್ಲಿ ಸೇರುವ ಉತ್ತರ ಐರ್ಲೆಂಡಿನ ಶಾಸನಸಭೆಯಲ್ಲಿ 90 ಸ್ಥಾನಗಳಿವೆ. 18 ಕ್ಷೇತ್ರಗಳು, ತಲಾ ಐದು ಸ್ಥಾನ. ಗೆಲ್ಲಲು ಬೇಕಾದ ಕನಿಷ್ಠ ಮತಸಂಖ್ಯೆಗೆ ಕೋಟಾ ಎನ್ನುತ್ತಾರೆ. ಸಿಂಧುವಾದ ಮತಗಳನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿ, ಬಂದ ಪೂರ್ಣಾಂಕಕ್ಕೆ ಮತ್ತೆ ಒಂದು ಸೇರಿಸಿದರೆ ಕೋಟಾ ಸಿಗುತ್ತದೆ. 48,000 ಮತ ಬಿದ್ದ ಕ್ಷೇತ್ರದಲ್ಲಿ ಕೋಟಾ 8,001. ಅಂದರೆ ಆರನೆಯ ಒಂದು ಪಾಲಿಗಿಂತ ಕೊಂಚ ಹೆಚ್ಚು. ಯಾರಾದರೂ 10,000 ಮೊದಲ ಪ್ರಾಶಸ್ತ್ಯದ ಮತ ಪಡೆದರೆ ಅವರ ಬಳಿ 1,999 ಹೆಚ್ಚುವರಿ ಇರುತ್ತದೆ. ಯಾವ 1,999 ಚೀಟಿಗಳನ್ನು ಹೆಚ್ಚುವರಿ ಎಂದು ಎತ್ತಿಡಬೇಕು ಎಂಬ ತಕರಾರು ಬಾರದಂತೆ, ಉತ್ತರ ಐರ್ಲೆಂಡಿನಲ್ಲಿ ಹತ್ತು ಸಾವಿರ ಚೀಟಿಗಳನ್ನೂ ಮತ್ತೆ ವಿಂಗಡಿಸಿ, ಪ್ರತಿಯೊಂದನ್ನೂ ಭಿನ್ನರಾಶಿಯ ಮೌಲ್ಯದಲ್ಲಿ ಮುಂದಿನ ಆಯ್ಕೆಗೆ ಕಳಿಸುತ್ತಾರೆ. ಎಲ್ಲ ಚೀಟಿಗಳಲ್ಲೂ ಮುಂದಿನ ಆಯ್ಕೆ ಇದೆ ಎಂದಿಟ್ಟುಕೊಂಡರೆ ಒಂದೊಂದರ ಬೆಲೆ 0.19. ಹೆಚ್ಚುವರಿ ಹಂಚಿದ ಮೇಲೂ ಸ್ಥಾನಗಳು ಉಳಿದಿದ್ದರೆ ಅತಿ ಕಡಿಮೆ ಮತ ಪಡೆದವರನ್ನು ಕಣದಿಂದ ತೆಗೆಯುತ್ತಾರೆ; ಅವರ ಮೊದಲ ಪ್ರಾಶಸ್ತ್ಯದ ಚೀಟಿಗಳು ಪೂರ್ಣ ಮೌಲ್ಯದಲ್ಲೇ ಮುಂದಕ್ಕೆ ಹೋಗುತ್ತವೆ. ಮುಂದಿನ ಆಯ್ಕೆಯನ್ನು ಬರೆಯದ ಚೀಟಿ ಅಲ್ಲಿಗೇ ನಿಲ್ಲುತ್ತದೆ. ಇದರಿಂದಾಗಿ ಕೊನೆಯ ಸ್ಥಾನ ಅನೇಕ ವೇಳೆ ಪೂರ್ಣ ಕೋಟಾ ತಲುಪದೆಯೇ, ಉಳಿದವರಲ್ಲಿ ಮುಂದಿರುವವರ ಪಾಲಾಗುತ್ತದೆ.

ಈ ಲೆಕ್ಕದಿಂದ ಹೊರಡುವ ಮೊದಲ ಪರಿಣಾಮವೆಂದರೆ ಒಂದೇ ಬಣದ ಪಕ್ಷಗಳು ಪರಸ್ಪರರ ಮತ ಒಡೆಯುವ ಭಯ ಬಹುಮಟ್ಟಿಗೆ ಇಲ್ಲವಾಗುವುದು. ವೆಸ್ಟ್‌ಮಿನ್‌ಸ್ಟರ್ ಸಂಸತ್ತಿಗೆ ಇದೇ ಮತದಾರರು ನಮ್ಮ ಲೋಕಸಭೆಯ ರೀತಿಯಲ್ಲಿ, ಹೆಚ್ಚು ಮತ ಪಡೆದ ಒಬ್ಬರನ್ನು ಆರಿಸುತ್ತಾರೆ. ಅಲ್ಲಿ ಮತ ಒಡೆದರೆ ಸೋಲು. 2010ರಲ್ಲಿ ಫರ್ಮಾನಾ ಮತ್ತು ಸೌತ್ ಟಿರೋನ್ ಕ್ಷೇತ್ರದಲ್ಲಿ ಒಕ್ಕೂಟವಾದಿಗಳು ಒಮ್ಮತದ ಒಬ್ಬ ಅಭ್ಯರ್ಥಿಯನ್ನು ನಿಲ್ಲಿಸಿದರೂ ಶಿನ್ ಫೇನ್‌ನ ಮಿಶೆಲ್ ಗಿಲ್ಡರ್ನ್ಯೂ ನಾಲ್ಕೇ ಮತಗಳಿಂದ ಗೆದ್ದರು. 2019ರಲ್ಲಿ ಉತ್ತರ ಬೆಲ್‌ಫಾಸ್ಟ್‌ನಲ್ಲಿ ಎಸ್‌ಡಿಎಲ್‌ಪಿ ಕಣಕ್ಕಿಳಿಯಲಿಲ್ಲ, ದಕ್ಷಿಣ ಬೆಲ್‌ಫಾಸ್ಟ್‌ನಲ್ಲಿ ಶಿನ್ ಫೇನ್ ಇಳಿಯಲಿಲ್ಲ. ಎರಡೂ ಕಡೆ ಡಿಯುಪಿ ಸೋತಿತು. ಶಾಸನಸಭೆಯ ಚುನಾವಣೆಯಲ್ಲಿ ನಾಯಕರು ಹೀಗೆ ಮಾತುಕತೆ ನಡೆಸಬೇಕಾಗಿಲ್ಲ. ಪಕ್ಷಗಳು ಒಂದನ್ನೊಂದು ಎಷ್ಟೇ ಬೈದಾಡಿಕೊಳ್ಳಲಿ, ಮತದಾರರು 1 ಇಲ್ಲಿ, 2 ಅಲ್ಲಿ ಎಂದು ಬರೆದು ಮೈತ್ರಿಯನ್ನು ತಾವೇ ಮಾಡಿಕೊಳ್ಳುತ್ತಾರೆ.

2022ರ ಮೇ 5ರ ಚುನಾವಣೆ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. 2017ರಲ್ಲಿ ಶೇ 28.1ರಷ್ಟಿದ್ದ ಡಿಯುಪಿಯ ಮೊದಲ ಪ್ರಾಶಸ್ತ್ಯದ ಮತ ಶೇ 21.3ಕ್ಕೆ ಕುಸಿಯಿತು. ಬ್ರೆಕ್ಸಿಟ್ ನಂತರ ಬ್ರಿಟನ್ ಮತ್ತು ಉತ್ತರ ಐರ್ಲೆಂಡಿನ ನಡುವೆ ಬಂದ ವ್ಯಾಪಾರ ಗಡಿಯ ವಿಷಯದಲ್ಲಿ ಡಿಯುಪಿಯ ಮೇಲೆ ಮುನಿದವರು ಟಿಯುವಿಯತ್ತ ಹೋದರು. ಆ ಪಕ್ಷದ ಮತ ಶೇ 2.6ರಿಂದ ಶೇ 7.6ಕ್ಕೆ ಏರಿತು. ನಮ್ಮ ಪದ್ಧತಿಯಲ್ಲಾಗಿದ್ದರೆ ಇಷ್ಟು ದೊಡ್ಡ ಒಡಕು ದೊಡ್ಡ ಪಕ್ಷವನ್ನು ಮುಳುಗಿಸುತ್ತಿತ್ತು. ಅಲ್ಲಿ ಡಿಯುಪಿ ಕಳೆದುಕೊಂಡದ್ದು ಮೂರೇ ಸ್ಥಾನ, 28ರಿಂದ 25ಕ್ಕೆ. ಟಿಯುವಿಯ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಹೊರಬಿದ್ದಂತೆ ಅವರ ಚೀಟಿಗಳಲ್ಲಿ ಬಹಳಷ್ಟು ಡಿಯುಪಿಗೆ ಮರಳಿದವು. ಮುನಿಸನ್ನು ದಾಖಲಿಸಿ ಮನೆಗೆ ಮರಳುವ ಅವಕಾಶವನ್ನು ಈ ಪದ್ಧತಿ ಮತದಾರರಿಗೆ ಕೊಡುತ್ತದೆ. ಆದರೆ ಮುನಿಸಿನ ಫಲಾನುಭವಿಯಾದ ಪಕ್ಷಕ್ಕೆ ಅದರಿಂದ ಸ್ಥಾನ ಸಿಗಬೇಕೆಂದಿಲ್ಲ. ಶೇ 7.6 ಮತ ಪಡೆದ ಟಿಯುವಿಗೆ ದಕ್ಕಿದ್ದು ಒಂದೇ ಸ್ಥಾನ, ನಾರ್ತ್ ಆಂಟ್ರಿಮ್‌ನಲ್ಲಿ ನಾಯಕ ಜಿಮ್ ಆಲಿಸ್ಟರ್ ಅವರದು. ಅದೇ ಚುನಾವಣೆಯಲ್ಲಿ ಶೇ 13.5 ಮತ ಪಡೆದ ಅಲಯನ್ಸ್ 17 ಸ್ಥಾನ ಗೆದ್ದಿತು.

ಮತದಲ್ಲಿ ಎರಡು ಪಟ್ಟಿಗೂ ಕಡಿಮೆ ಅಂತರ, ಸ್ಥಾನದಲ್ಲಿ ಹದಿನೇಳು ಪಟ್ಟು. ಇದು ಅನ್ಯಾಯವೆಂದು ಮೊದಲ ನೋಟಕ್ಕೆ ಅನ್ನಿಸುವುದು ಸಹಜ. ಸ್ಟ್ರಾಂಗ್‌ಫರ್ಡ್ ಕ್ಷೇತ್ರದ ಎಣಿಕೆಯನ್ನು ನೋಡಿದರೆ ಕಾರಣ ತಿಳಿಯುತ್ತದೆ. ಅಲ್ಲಿ ಟಿಯುವಿಯ ಸ್ಟೀಫನ್ ಕೂಪರ್ ಮೊದಲ ಸುತ್ತಿನಲ್ಲಿ 5,000ಕ್ಕೂ ಹೆಚ್ಚು ಮತ ಪಡೆದು ಮೊದಲ ಐವರಲ್ಲಿದ್ದರು. ಅಲಯನ್ಸ್‌ನ ಎರಡನೆಯ ಅಭ್ಯರ್ಥಿ ನಿಕ್ ಮ್ಯಾಥಿಸನ್ ಅವರಿಗೆ ಬಿದ್ದದ್ದು 3,000ಕ್ಕೂ ಕಡಿಮೆ. ಆದರೆ ಅದು ಒಕ್ಕೂಟವಾದಿ ಬಹುಮತದ ಕ್ಷೇತ್ರವಾದ್ದರಿಂದ ಎಸ್‌ಡಿಎಲ್‌ಪಿ, ಶಿನ್ ಫೇನ್, ಹಸಿರು ಪಕ್ಷದ ಅಭ್ಯರ್ಥಿಗಳು ಗೆಲ್ಲುವಷ್ಟು ಮತವಿಲ್ಲದೆ ಹೊರಬಿದ್ದರು, ಮತ್ತು ಆ ಮತದಾರರು ತಮ್ಮವರ ನಂತರ ಬರೆದ ಹೆಸರುಗಳಲ್ಲಿ ಅಲಯನ್ಸ್‌ನದು ಮುಂದಿತ್ತು. ಮ್ಯಾಥಿಸನ್ ಗೆದ್ದರು, ಕೂಪರ್ ಸೋತರು. ಐದು ಸಾವಿರ ಮಂದಿಗೆ ಅತ್ಯಂತ ಪ್ರಿಯರಾದ ಅಭ್ಯರ್ಥಿ ಮಿಕ್ಕವರಲ್ಲಿ ಹೆಚ್ಚಿನವರ ಪಟ್ಟಿಯ ಕೆಳತುದಿಯಲ್ಲಿದ್ದರೆ ಅಥವಾ ಪಟ್ಟಿಯಲ್ಲೇ ಇಲ್ಲದಿದ್ದರೆ ಆ ಐದು ಸಾವಿರ ಅಲ್ಲಿಯೇ ನಿಂತುಬಿಡುತ್ತದೆ. ಈ ಪದ್ಧತಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಪ್ರೀತಿಯನ್ನಷ್ಟೇ ಅಲ್ಲ, ಒಪ್ಪಿಗೆಯನ್ನು ಕೂಡ. ನನ್ನ ದೃಷ್ಟಿಯಲ್ಲಿ ಇದು ಅದರ ದೋಷವಲ್ಲ, ಉದ್ದೇಶ.

ವರ್ಗಾವಣೆ ನೆರವಾಗುವುದು ಕಣದಲ್ಲಿ ಉಳಿದವರಿಗೆ ಮಾತ್ರ ಎಂಬುದನ್ನು ಮರೆಯಬಾರದು. ಅದೇ ವರ್ಷ ಎಸ್‌ಡಿಎಲ್‌ಪಿ 12ರಿಂದ 8 ಸ್ಥಾನಕ್ಕೆ ಇಳಿಯಿತು. ಉಪನಾಯಕಿ ನಿಕೋಲಾ ಮ್ಯಾಲನ್ ಉತ್ತರ ಬೆಲ್‌ಫಾಸ್ಟ್‌ನಲ್ಲಿ ಸೋತರು, ಅಲ್ಲಿ ಅಲಯನ್ಸ್ ಗೆದ್ದಿತು. ದಕ್ಷಿಣ ಬೆಲ್‌ಫಾಸ್ಟ್‌ನಲ್ಲಿ ಹಸಿರು ಪಕ್ಷದ ನಾಯಕಿ ಕ್ಲೇರ್ ಬೇಲಿ ಸ್ಥಾನ ಕಳೆದುಕೊಂಡರು, ಅಲಯನ್ಸ್‌ಗೆ ಎರಡು ಸ್ಥಾನ ಸಿಕ್ಕಿತು. ಎಲ್ಲರಿಗೂ ಎರಡನೆಯ ಆಯ್ಕೆಯಾಗಿರುವ ಪಕ್ಷ ಸಾಕಷ್ಟು ಜನರಿಗೆ ಮೊದಲ ಆಯ್ಕೆಯಾಗಿಲ್ಲದಿದ್ದರೆ, ತನಗೆ ಬರಬೇಕಾದ ಮತಗಳು ಬರುವ ಮೊದಲೇ ತಾನು ಹೊರಬೀಳುತ್ತದೆ. ತನ್ನ ಮತಗಳನ್ನೇ ಪಕ್ಕದವರಿಗೆ ಕೊಟ್ಟು ಹೋಗುತ್ತದೆ.

ಬಣದ ಗೆರೆಯನ್ನು ದಾಟುವ ವರ್ಗಾವಣೆಯ ಪ್ರಮಾಣ ಚಿಕ್ಕದು. ಶಿನ್ ಫೇನ್‌ನಿಂದ ಡಿಯುಪಿಗೆ ಅಥವಾ ಡಿಯುಪಿಯಿಂದ ಶಿನ್ ಫೇನ್‌ಗೆ ಹೋಗುವ ಚೀಟಿಗಳು ನಗಣ್ಯವೆನ್ನುವಷ್ಟು ಕಡಿಮೆ. ಮಧ್ಯಮ ಪಕ್ಷಗಳ ನಡುವೆ ಮಾತ್ರ ಸ್ವಲ್ಪ ಹರಿವಿದೆ, ಐದನೆಯ ಸ್ಥಾನಕ್ಕೆ ಅಷ್ಟು ಸಾಕಾಗುವುದೂ ಉಂಟು. 2017ರಲ್ಲಿ ಯುಯುಪಿಯ ಅಂದಿನ ನಾಯಕ ಮೈಕ್ ನೆಸ್‌ಬಿಟ್, ತಮ್ಮ ಎರಡನೆಯ ಪ್ರಾಶಸ್ತ್ಯವನ್ನು ಎಸ್‌ಡಿಎಲ್‌ಪಿಗೆ ಕೊಡುವುದಾಗಿ ಹೇಳಿದರು. ಒಕ್ಕೂಟವಾದಿ ನಾಯಕರೊಬ್ಬರು ರಾಷ್ಟ್ರೀಯವಾದಿ ಪಕ್ಷದ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅವರ ಪಕ್ಷದೊಳಗೇ ಕೋಲಾಹಲ ಎಬ್ಬಿಸಿತು. ಫಲಿತಾಂಶದಲ್ಲಿ ಯುಯುಪಿಗೆ ಶೇ 12.9 ಮತ, 10 ಸ್ಥಾನ. ಎಸ್‌ಡಿಎಲ್‌ಪಿಗೆ ಶೇ 11.9 ಮತ, 12 ಸ್ಥಾನ. ಕಡಿಮೆ ಮತಕ್ಕೆ ಹೆಚ್ಚು ಸ್ಥಾನ ಬಂದದ್ದರಲ್ಲಿ ಲ್ಯಾಗನ್ ವ್ಯಾಲಿಯದೂ ಒಂದು: ಒಕ್ಕೂಟವಾದಿಗಳ ಭದ್ರಕೋಟೆಯಾದ ಆ ಕ್ಷೇತ್ರದಲ್ಲಿ ಎಸ್‌ಡಿಎಲ್‌ಪಿಯ ಪ್ಯಾಟ್ ಕ್ಯಾಟ್ನಿ ಕೋಟಾದ ಸುಮಾರು ಅರ್ಧದಷ್ಟು ಮೊದಲ ಪ್ರಾಶಸ್ತ್ಯದ ಮತ ಪಡೆದು, ಉಳಿದದ್ದನ್ನು ವರ್ಗಾವಣೆಯಿಂದ ತುಂಬಿಕೊಂಡು ಗೆದ್ದರು. ನೆಸ್‌ಬಿಟ್ ಅವರ ಮಾತಿನ ಲಾಭ ಅವರು ಹೆಸರಿಸಿದ ಪಕ್ಷಕ್ಕೆ ಹೋಯಿತು. ಅವರು ನಾಯಕತ್ವ ಬಿಟ್ಟರು.

ಇದಕ್ಕಿಂತ ಸ್ವಾರಸ್ಯದ್ದು 1998ರ ಫಲಿತಾಂಶ. ಗುಡ್ ಫ್ರೈಡೇ ಶಾಂತಿ ಒಪ್ಪಂದದ ನಂತರ ನಡೆದ ಮೊದಲ ಶಾಸನಸಭಾ ಚುನಾವಣೆ ಅದು. ಆಗ ಸ್ಥಾನಗಳು 108, ಕ್ಷೇತ್ರಕ್ಕೆ ಆರು. ಮೊದಲ ಪ್ರಾಶಸ್ತ್ಯದಲ್ಲಿ ಶೇ 22 ಮತ ಪಡೆದು ಮುಂದೆ ಬಂದದ್ದು ಎಸ್‌ಡಿಎಲ್‌ಪಿ. ಯುಯುಪಿಗೆ ಶೇ 21.3. ಆದರೂ ಸ್ಥಾನಗಳಲ್ಲಿ ಯುಯುಪಿ 28 ಗೆದ್ದರೆ ಎಸ್‌ಡಿಎಲ್‌ಪಿ 24ಕ್ಕೆ ನಿಂತಿತು. ಮತಗಳು ಯಾವ ಕ್ಷೇತ್ರದಲ್ಲಿ ಹೇಗೆ ಹರಡಿದ್ದವು ಎಂಬುದು ಇದಕ್ಕೆ ಒಂದು ಕಾರಣವಾದರೆ ವರ್ಗಾವಣೆ ಇನ್ನೊಂದು. ಅದೇ ಚುನಾವಣೆಯಲ್ಲಿ ಶೇ 1.6 ಮತ ಮಾತ್ರ ಪಡೆದ ವಿಮೆನ್ಸ್ ಕೊಯಲಿಷನ್ ಎಂಬ ಮಹಿಳೆಯರ ಪಕ್ಷ, ಯಾವ ಬಣಕ್ಕೂ ಸೇರದೆ ಎಲ್ಲ ಕಡೆಯಿಂದಲೂ ಕೆಳಗಿನ ಪ್ರಾಶಸ್ತ್ಯಗಳನ್ನು ಪಡೆಯಬಲ್ಲದ್ದಾದ್ದರಿಂದ, ಎರಡು ಸ್ಥಾನ ಗೆದ್ದುಕೊಂಡಿತು.

ವರ್ಗಾವಣೆಯ ಪಟ್ಟಿಗಳನ್ನು ದಶಕಗಳ ಉದ್ದಕ್ಕೂ ಓದಿದರೆ ಬಣದೊಳಗಿನ ಬದಲಾವಣೆಗಳೂ ಕಾಣುತ್ತವೆ. ಶಿನ್ ಫೇನ್‌ನ ನಂಟಿದ್ದ ಸಶಸ್ತ್ರ ಸಂಘಟನೆ ಐಆರ್‌ಎಯ ಹಿಂಸಾಚಾರ ನಡೆಯುತ್ತಿದ್ದ 1980ರ ದಶಕದಲ್ಲಿ ಎಸ್‌ಡಿಎಲ್‌ಪಿಯ ಮತದಾರರು ಶಿನ್ ಫೇನ್‌ಗೆ ಮುಂದಿನ ಪ್ರಾಶಸ್ತ್ಯ ಕೊಡಲು ಹಿಂಜರಿಯುತ್ತಿದ್ದರು. 1994ರ ಕದನವಿರಾಮ ಮತ್ತು 1998ರ ಒಪ್ಪಂದದ ಬಳಿಕ ಆ ಹಿಂಜರಿಕೆ ಕಡಿಮೆಯಾಯಿತು. ಯಾವ ಅಭಿಪ್ರಾಯ ಸಮೀಕ್ಷೆಯೂ ಇಷ್ಟು ನಂಬಿಕೆಗೆ ಅರ್ಹವಾಗಿ ಇದನ್ನು ಹೇಳಲಾರದು, ಏಕೆಂದರೆ ಇಲ್ಲಿರುವುದು ಜನ ಹೇಳಿದ್ದಲ್ಲ, ಮಾಡಿದ್ದು.

ಪಕ್ಷಗಳೂ ಸುಮ್ಮನೆ ಕೂರುವುದಿಲ್ಲ. ಒಂದು ಪಕ್ಷಕ್ಕೆ ಒಂದು ಕ್ಷೇತ್ರದಲ್ಲಿ ಎರಡು ಕೋಟಾಕ್ಕೆ ಕೊಂಚ ಕಡಿಮೆ ಮತವಿದ್ದರೆ, ಅದು ಒಬ್ಬರ ಹೆಸರಿನಲ್ಲಿ ಗುಡ್ಡೆಯಾಗುವುದಕ್ಕಿಂತ ಇಬ್ಬರ ನಡುವೆ ಸಮನಾಗಿ ಹಂಚಿಹೋಗುವುದು ಲೇಸು. ಪ್ರತಿ ವರ್ಗಾವಣೆಯಲ್ಲೂ ಸ್ವಲ್ಪ ಮತ ಬೇರೆಡೆಗೆ ಸೋರುತ್ತದೆ, ಇಲ್ಲವೇ ಮುಂದಿನ ಆಯ್ಕೆಯಿಲ್ಲದೆ ನಿಂತುಹೋಗುತ್ತದೆ. ಅದಕ್ಕಾಗಿ ಕ್ಷೇತ್ರವನ್ನು ಭಾಗ ಮಾಡಿ, ಈ ಬಡಾವಣೆಯವರು ಇವರಿಗೆ 1, ಆ ಬಡಾವಣೆಯವರು ಅವರಿಗೆ 1 ಎಂದು ಕರಪತ್ರ ಹಂಚುತ್ತಾರೆ. ಇದರಲ್ಲಿ ಶಿನ್ ಫೇನ್‌ಗೆ ಪಳಗಿದ ಕೈ. ಪಶ್ಚಿಮ ಬೆಲ್‌ಫಾಸ್ಟ್‌ನಲ್ಲಿ 2017 ಮತ್ತು 2022ರಲ್ಲಿ ಐದರಲ್ಲಿ ನಾಲ್ಕು ಸ್ಥಾನ ಅದರದೇ. ಅಂದಾಜು ತಪ್ಪಿ ಅಭ್ಯರ್ಥಿಗಳು ಹೆಚ್ಚಾದರೆ ಇದ್ದ ಸ್ಥಾನವೂ ಕೈತಪ್ಪಬಹುದು.

ಈ ಪದ್ಧತಿ ಅಲ್ಲಿಗೆ ಬಂದ ಬಗೆಯೂ ಬಣಗಳ ಚರಿತ್ರೆಯೇ. 1920ರ ಐರ್ಲೆಂಡ್ ಸರ್ಕಾರ ಕಾಯಿದೆಯ ಮೂಲಕ ಅಲ್ಪಸಂಖ್ಯಾತರ ರಕ್ಷಣೆಗೆಂದು ಬ್ರಿಟನ್ ಇದನ್ನು ಜಾರಿಗೆ ತಂದಿತು. ಒಕ್ಕೂಟವಾದಿ ಸರ್ಕಾರ 1922ರಲ್ಲಿ ಸ್ಥಳೀಯ ಸಂಸ್ಥೆಗಳಿಗೂ 1929ರಲ್ಲಿ ಶಾಸನಸಭೆಗೂ ಇದನ್ನು ರದ್ದುಮಾಡಿತು. ಎರಡನೆಯ ರದ್ದತಿ ರಾಷ್ಟ್ರೀಯವಾದಿಗಳನ್ನು ತುಳಿಯಲು ನಡೆದದ್ದೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ 1925ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಲೇಬರ್ ಮತ್ತು ಸ್ವತಂತ್ರ ಒಕ್ಕೂಟವಾದಿಗಳಿಗೆ ಸ್ಥಾನ ಕಳೆದುಕೊಂಡ ಆಡಳಿತ ಪಕ್ಷಕ್ಕೆ ತನ್ನದೇ ಬಣದ ಒಡಕಿನ ಭಯ ಅದಕ್ಕಿಂತ ಹೆಚ್ಚಾಗಿತ್ತು. ಹಿಂಸಾಚಾರ ಭುಗಿಲೆದ್ದ ಮೇಲೆ, 1973ರಲ್ಲಿ, ಲಂಡನ್ ಇದನ್ನು ಮರಳಿ ತಂದಿತು.

ಈಗ ಸ್ಥಾನಗಳ ಎಣಿಕೆಗೆ ಇನ್ನೊಂದು ತೂಕವೂ ಸೇರಿದೆ. 2006ರ ಸೇಂಟ್ ಆಂಡ್ರ್ಯೂಸ್ ಒಪ್ಪಂದದ ನಂತರ ವಾಸ್ತವದಲ್ಲಿ ಅತಿ ಹೆಚ್ಚು ಸ್ಥಾನ ಗೆದ್ದ ಪಕ್ಷವೇ ಪ್ರಥಮ ಸಚಿವರನ್ನು ಹೆಸರಿಸುತ್ತದೆ. 2017ರಲ್ಲಿ ಡಿಯುಪಿಗೆ 28, ಶಿನ್ ಫೇನ್‌ಗೆ 27; ಮೊದಲ ಪ್ರಾಶಸ್ತ್ಯದಲ್ಲಿ ಎರಡರ ನಡುವೆ ಇದ್ದದ್ದು 1,168 ಮತಗಳ ಅಂತರ. 2022ರಲ್ಲಿ ಶಿನ್ ಫೇನ್ ಅದೇ 27ರಲ್ಲಿ ನಿಂತಿತು, ಡಿಯುಪಿ ಕೆಳಗಿಳಿಯಿತು, ಮತ್ತು 2024ರ ಫೆಬ್ರುವರಿ 3ರಂದು ಮಿಶೆಲ್ ಒನೀಲ್ ಆ ಹುದ್ದೆಗೇರಿದ ಮೊದಲ ರಾಷ್ಟ್ರೀಯವಾದಿಯಾದರು. ಬಣಗಳ ಲೆಕ್ಕದಲ್ಲಿ ನೋಡಿದರೆ 2022ರ ಸಭೆಯಲ್ಲಿ ಒಕ್ಕೂಟವಾದಿಗಳು 37, ರಾಷ್ಟ್ರೀಯವಾದಿಗಳು 35; ಎರಡೂ ಅಲ್ಲದವರು 18. ರಾಷ್ಟ್ರೀಯವಾದಿಗಳ ಸಂಖ್ಯೆ 2017ರ 39ರಿಂದ ಇಳಿದ ಚುನಾವಣೆಯಲ್ಲೇ ಅವರ ಪಕ್ಷವೊಂದು ಮೊದಲ ಸ್ಥಾನಕ್ಕೆ ಬಂದಿತು.